ತನುವಿನ ಕೈಗೆ ಒಪ್ಪಿದ ಗೆರೆ

ನಾನೊಂದು ಅರ್ಧ ಚಿತ್ರ. ಹರಿದು ಅರ್ಧವಾದದ್ದಲ್ಲ, ಹುಟ್ಟಿದ್ದೇ ಅರ್ಧವಾಗಿ. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ ನೆಟ್ಟಗಿನ ಒಂದು ಗೀಟು, ಅದರ ಬಲಕ್ಕೆ ಉಬ್ಬುತ್ತಾ ತಗ್ಗುತ್ತಾ ಇಳಿಯುವ ಒಂದು ಗೆರೆ. ಇಷ್ಟೇ ನಾನು. ಚನ್ನಪಟ್ಟಣದಲ್ಲಿ ನನ್ನನ್ನು ಬರೆದ ಮುಕ್ತಿಯಾರ್ ಸಾಹೇಬರು ಯಾವ ಚಿತ್ರವನ್ನೂ ಪೂರ್ತಿ ಬರೆದವರಲ್ಲ. ಉಳಿದರ್ಧವನ್ನು, ಕಡೆಯುವ ಯಂತ್ರವಾದ ಲೇತಿನ ಮೇಲೆ ತಿರುಗುವ ಮರ ತಾನೇ ಬರೆದುಕೊಳ್ಳುತ್ತದೆ ಎನ್ನುವುದು ಅವರ ಮಾತು.

ನಾನು ಹುಟ್ಟಿದ್ದಕ್ಕೆ ಕಾರಣ ನಾಲ್ಕು ವರ್ಷದ ತನು. ಅವಳ ತಾಯಿ ಇಂದ್ರಾಣಿ ಸಾಹೇಬರ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಅರಗಿನ ಬಣ್ಣ ಹಚ್ಚುತ್ತಿದ್ದಳು. ತನುವಿನ ಬಲಗೈ ಬೆರಳುಗಳು ಮಡಚುತ್ತಿದ್ದವು, ಆದರೆ ಹಿಡಿಯುತ್ತಿರಲಿಲ್ಲ. ಅಂಗಡಿಯ ಚಮಚ ಕೊಟ್ಟರೆ ಜಾರಿ ಬೀಳುತ್ತಿತ್ತು. ಜೂನ್‌ನಲ್ಲಿ ಶಾಲೆ. ಅಲ್ಲಿ ಮಧ್ಯಾಹ್ನದ ಊಟ. ತಿನ್ನಿಸುವವರು ಯಾರು? ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, “ಹಿಡಿಕೆ ದಪ್ಪ ಇರಲಿ, ಅವಳ ಕೈಗೆ ಸರಿಯಾಗಿ ಕೂರಲಿ, ದಿನಾ ಹಿಡೀತಾ ಹಿಡೀತಾ ಬಲ ಬರುತ್ತೆ” ಎಂದಿದ್ದರು. ಇಂದ್ರಾಣಿ ಚಮಚಕ್ಕೆ ಬಟ್ಟೆ ಸುತ್ತಿದಳು. ಜೋಳದ ದಿಂಡಿಗೆ ಚುಚ್ಚಿದಳು. ಬಟ್ಟೆ ಸಾರಿನಲ್ಲಿ ನೆಂದಿತು, ದಿಂಡು ಮುರಿಯಿತು.

ಕೊನೆಗೆ ಅವಳು ಮಗಳನ್ನೇ ಸಾಹೇಬರ ಮುಂದೆ ತಂದು ಕೂರಿಸಿದಳು. ಅವರು ಉಳಿ ಹಿಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕಾರ್ಖಾನೆಗೆ ಕಂಪ್ಯೂಟರ್ ಲೇತ್ ಬಂದಿತ್ತು, ಅವರ ಕೈಗೆ ನಡುಕ ಬಂದಿತ್ತು.

“ಮರ ನಾ ಕಡಿಯಾಕಿಲ್ಲ ಇಂದ್ರಮ್ಮ, ಕೈ ನಿಲ್ಲಾಕಿಲ್ಲ. ಚಿತ್ರ ಬರೆದುಕೊಡ್ತೀನಿ, ಮಿಷಿನ್ನು ಕಡೀಲಿ. ಒಸಿ ಚಪಾತಿ ಹಿಟ್ಟು ತತ್ತಾ.”

ಹಿಟ್ಟಿನ ಉಂಡೆಯನ್ನು ತನುವಿನ ಅಂಗೈಗಿಟ್ಟು, “ಬೆಕ್ಕಿನ ಬಾಲ ಹಿಡಿದಂಗೆ ಹಿಡಿ ನೋಡಾನ” ಎಂದರು. ತನು ಹಲ್ಲು ಕಚ್ಚಿ ಹಿಚುಕಿದಳು. ಬೆರಳು ಬಿಡಿಸಿದಾಗ ಹಿಟ್ಟಿನಲ್ಲಿ ಅವಳ ಹಿಡಿತ ಅಚ್ಚಾಗಿ ನಿಂತಿತ್ತು. ಸಾಹೇಬರು ಅದನ್ನು ಅಲ್ಲಲ್ಲಿ ಅಳೆದು, ಉಸಿರು ಬಿಗಿಹಿಡಿದು, ಪೆನ್ಸಿಲಿನಿಂದ ನನ್ನನ್ನು ಇಳಿಸಿದರು. ನನ್ನ ಕುತ್ತಿಗೆಯ ಕೆಳಗೆ ಎರಡು ತಗ್ಗು, ನಡುವೆ ಒಂದು ಪುಟ್ಟ ಉಬ್ಬು. ನನ್ನ ಮೈಗೆ ಹಿಟ್ಟೂ ಮೆತ್ತಿತು. ಸಂಭ್ರಮದಲ್ಲಿ ಯಾರೂ ಒರೆಸಲಿಲ್ಲ.

ಮಿಷಿನ್ನಿಗೆ ಕಾಗದದ ಗೆರೆ ಓದಲು ಬಾರದು, ಕಂಪ್ಯೂಟರಿನ ಗೆರೆಯೇ ಬೇಕು. ಮರುದಿನ ನನ್ನನ್ನು ಪೇಟೆಯ ಡಿ.ಟಿ.ಪಿ. ಅಂಗಡಿಗೆ ಒಯ್ದರು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡುವ ಸುಹಾಸಿನಿ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದೇನ್ ಸಾಹೇಬ್ರೆ, ಅರ್ಧಕ್ಕೇ ಬಿಟ್ಟಿದೀರ? ಪೆನ್ಸಿಲ್ ಮುಗೀತಾ?”

“ಇನ್ನರ್ಧ ಬರೆಯೋದು ಮರದ ಕೆಲಸ ಕಣಮ್ಮ. ಅದಕ್ಕೂ ಒಸಿ ಬಿಡಬೇಕು.”

ಅವಳು ನಗುತ್ತಾ ನನ್ನನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದಳು. ಬೆಳಕೊಂದು ನನ್ನ ಮೈಮೇಲೆ ಸರಸರ ಹರಿದುಹೋಯಿತು. ಮರುಗಳಿಗೆಯಲ್ಲಿ ಎದುರಿನ ಪರದೆಯ ಮೇಲೆ ನಾನಿದ್ದೆ! ಇಲ್ಲಿ ಕಾಗದದಲ್ಲೂ ನಾನೇ, ಅಲ್ಲಿ ಬೆಳಕಿನಲ್ಲೂ ನಾನೇ. ಆಮೇಲೆ ಅವಳು ಏನನ್ನೋ ಒತ್ತಿದಳು. ನನ್ನ ಗೆರೆಯುದ್ದಕ್ಕೂ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳೆದ್ದವು. ಹಿಟ್ಟಿನ ಕಲೆಗಳಿಗೂ ಚುಕ್ಕಿ ಬಂದಿತ್ತು.

“ಒಂದೊಂದು ಚುಕ್ಕಿನೂ ಹಿಡಿದು ಎಳೀಬಹುದು,” ಎಂದಳು ಸುಹಾಸಿನಿ. “ಆದ್ರೆ ಇಷ್ಟೊಂದು ಬೇಡ. ಕಸ ತೆಗೀತೀನಿ.”

ಹಿಟ್ಟಿನ ಕಲೆಗಳು ಹೋದವು. ಗೆರೆಯ ತರಿ ಹೋಯಿತು. ನಾನು ಹಗುರಾದೆ. ಅಷ್ಟರಲ್ಲಿ ಅವಳ ಬಾಣದ ಗುರುತು ನನ್ನ ಆ ಪುಟ್ಟ ಉಬ್ಬಿನ ಮೇಲೆ ಬಂದು ನಿಂತಿತು.

“ಇಲ್ಲಿ ಕೈ ನಡುಗಿದೆ ಅಲ್ವಾ? ನುಣ್ಣಗೆ ಮಾಡ್ಲಾ?”

ಸಾಹೇಬರ ಮುಖ ಸಣ್ಣದಾಯಿತು. ಅವರು ಬಲಗೈಯನ್ನು ಮೆಲ್ಲನೆ ಜುಬ್ಬಾದ ಜೇಬಿಗೆ ಇಳಿಬಿಟ್ಟರು. “ಹೂಂ, ನಡುಗ್ತದೆ. ಮಾಡ್ಬುಡಮ್ಮ.”

ಅಲ್ಲ, ಅದು ನಡುಕವಲ್ಲ! ನಾನು ಕೂಗಬೇಕೆಂದುಕೊಂಡೆ. ಕಾಗದಕ್ಕೆ ಬಾಯಿಯೆಲ್ಲಿ? ಉಬ್ಬು ಕರಗಿತು. ಪರದೆಯ ಮೇಲಿನ ನಾನು ಇನ್ನರ್ಧವನ್ನೂ ಪಡೆದು, ಹೂಜಿಯ ಹಾಗೆ ನುಣ್ಣಗೆ ನಿಂತೆ. ಎಲ್ಲರೂ “ಚೆಂದ” ಎಂದರು.

ಹಿಡಿಕೆ ನಿಜಕ್ಕೂ ಚೆಂದವಾಗಿ ಬಂತು. ಹಾಲೆ ಮರ, ಕುಂಕುಮಗೆಂಪು ಅರಗು, ತಾಳೆಗರಿಯಿಂದ ಉಜ್ಜಿದ ಹೊಳಪು, ತುದಿಗೆ ಸ್ಟೀಲಿನ ಚಮಚ. ಕಾರ್ಖಾನೆಯ ಜಗುಲಿಯಲ್ಲೇ ತನುವಿನ ಮುಂದೆ ಮೊಸರನ್ನದ ಬಟ್ಟಲು ಇಟ್ಟರು. ಅವಳು ಹಿಡಿದಳು, ಎತ್ತಿದಳು. ಗಲ್ಲದವರೆಗೂ ಬಂದ ಚಮಚ ಅಂಗೈಯಲ್ಲಿ ಜಾರಿ ತಿರುಗಿಕೊಂಡು ಅನ್ನವನ್ನೆಲ್ಲ ಲಂಗದ ಮೇಲೆ ಸುರಿಯಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಮೂರನೆಯ ಸಲ ಅದನ್ನು ಬಿಸಾಡಿ, “ನಂಗೆ ಬ್ಯಾಡ. ನೀನೇ ತಿನ್ಸು” ಎಂದು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದಳು.

ಇಂದ್ರಾಣಿ ಅಳಲಿಲ್ಲ. ತಿನ್ನಿಸಿ, ಬಾಯಿ ಒರೆಸಿ, ಮಗಳನ್ನು ಆಡಲು ಬಿಟ್ಟು, ಹಿಡಿಕೆಯನ್ನು ತೊಳೆದು ತಂದಳು. ನನ್ನ ಮಡಿಕೆ ಬಿಡಿಸಿ ಗೆರೆಯ ಪಕ್ಕಕ್ಕೆ ಅದನ್ನು ಒರಗಿಸಿ ಇಟ್ಟಳು. ಉಳಿದೆಲ್ಲ ಕಡೆ ಮರ ನನ್ನನ್ನು ಮುಟ್ಟಿತು. ಒಂದೇ ಒಂದು ಕಡೆ ಮರದ ಅಂಚು ನನ್ನ ಉಬ್ಬಿನ ಒಳಗೇ ಉಳಿದುಬಿಟ್ಟಿತು.

ಅವಳು ಎದ್ದುಹೋಗಿ ಹಿಟ್ಟು ನಾದಿ ತಂದಳು. “ತನು, ಬಾ ಪುಟ್ಟಾ, ಬೆಕ್ಕಿನ ಬಾಲ!” ತನು ಹಿಚುಕಿದಳು. ಈ ಸಲ ಇಂದ್ರಾಣಿ ಹಿಟ್ಟನ್ನು ನೋಡಲಿಲ್ಲ, ಬೆರಳನ್ನು ನೋಡಿದಳು. ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ ಹಿಟ್ಟು ಉಕ್ಕಿ ಏರಿಯಂತೆ ನಿಂತಿತ್ತು. ಬೆರಳು ಅದಕ್ಕೇ ಆತುಕೊಂಡಿತ್ತು.

“ಸಾಹೇಬ್ರೆ! ಓಡಿ ಬನ್ನಿ! ನಿಮ್ಮ ಕೈ ನಡುಗಿಲ್ಲ ಸಾಹೇಬ್ರೆ, ಇದು ಇವಳ ಬೆರಳು! ನೀವು ಇದ್ದಂಗೇ ಬರೆದಿದೀರ!”

ಸಾಹೇಬರು ಹಿಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಜೇಬಿನಿಂದ ಬಲಗೈ ಹೊರಗೆ ಬಂತು. “ಯಾ ಅಲ್ಲಾ,” ಎಂದರು, “ನನ್ನ ಕೈನ ನಾನೇ ನಂಬನಿಲ್ವಲ್ಲ.” ನನ್ನನ್ನೆತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು ಪೇಟೆಯ ಕಡೆ ನಡೆದರು. ಹಿಂದೆ ಇಂದ್ರಾಣಿ, ಅವಳ ಕಂಕುಳಲ್ಲಿ ಹಿಟ್ಟು ಹಿಡಿದ ತನು.

ವಿಷಯ ಕೇಳಿ ಸುಹಾಸಿನಿ ನಾಲಿಗೆ ಕಚ್ಚಿಕೊಂಡಳು. “ಮದುವೆ ಕಾರ್ಡಿನ ಬಳ್ಳಿ ಥರ ನಯ ಮಾಡ್ಬಿಟ್ಟೆ. ತಪ್ಪಾಯ್ತು.”

“ಮತ್ತೆ ಮೊದಲಿಂದ ಮಾಡಬೇಕಾ?” ಎಂದಳು ಇಂದ್ರಾಣಿ.

“ಇಲ್ಲ ಇಲ್ಲ, ಮೂರೇ ಚುಕ್ಕಿ ಸೇರಿಸಿದ್ರೆ ಸಾಕು. ಬನ್ನಿ, ನೀವೇ ಎಳೀರಿ.”

ಸಾಹೇಬರು ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಳಿ ಹಿಡಿದಂತೆಯೇ ಮೌಸ್ ಹಿಡಿದರು. ಚುಕ್ಕಿ ಅಲುಗಿತು. ಬಲಕ್ಕೆ ಗೆರೆ ಉಬ್ಬಿತು, ಎಡಕ್ಕೂ ಅದೇ ಕ್ಷಣ ಉಬ್ಬಿತು.

“ಅರೆ, ಆ ಕಡೆನೂ ಏಳ್ತದಲ್ಲ!” ಖುಷಿಯಲ್ಲಿ ಜೋರಾಗಿ ಎಳೆದರು. ಹಿಡಿಕೆ ಹೊಟ್ಟೆಬಾಕ ತಂಬಿಗೆಯಾಯಿತು. ತನು ಕೇಕೆ ಹಾಕಿದಳು. ಸುಹಾಸಿನಿ ಒಂದು ಗುಂಡಿ ಒತ್ತಿದಳು, ತಂಬಿಗೆ ಮಾಯವಾಗಿ ಹಿಡಿಕೆ ಮರಳಿತು.

“ವಾಪಸ್ ಬಂದ್ಬುಡ್ತಾ? ಮರದಾಗೆ ಒಂದ್ ಸಲ ಕಡಿದ್ರೆ ಹೋಯ್ತು ಕಣಮ್ಮ. ಅರವತ್ತು ವರ್ಷ ಉಸಿರು ಕಟ್ಕಂಡು ಕಡಿದಿದೀನಿ!”

ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಸುಹಾಸಿನಿ ನನ್ನನ್ನು ಪರದೆಯ ಪಕ್ಕದಲ್ಲಿ ಹಿಡಿದು ನಿಂತಿದ್ದಳು. ಕಾಗದದ ನಾನೂ ಬೆಳಕಿನ ನಾನೂ ಒಂದೇ ಆದಾಗ ಸಾಹೇಬರು ಕೈ ತೆಗೆದರು.

ಎರಡನೆಯ ಹಿಡಿಕೆಯಲ್ಲಿ ಆ ಉಬ್ಬು ಬಳೆಯ ಹಾಗೆ ಸುತ್ತಲೂ ನಿಂತಿತು. ತನುವಿನ ಬೆರಳು ತಡಕಾಡಿ ಅದರ ಕೆಳಗೆ ಹೋಗಿ ಕೂತಿತು. ಚಮಚ ಎದ್ದಿತು, ಓಲಾಡಿತು, ಬಾಯಿಗೆ ಹೋಯಿತು. ಅರ್ಧ ಅನ್ನ ಮೂಗಿಗೆ, ಅರ್ಧ ನಾಲಿಗೆಗೆ. ತನು ಅಗಿಯುತ್ತಾ ಎಲ್ಲರನ್ನೂ ನೋಡಿದಳು. ತಿನ್ನಿಸಲು ಮುಂದೆ ಬಂದ ತಾಯಿಯ ಕೈಯನ್ನು ಎಡಗೈಯಿಂದ ತಳ್ಳಿದಳು. ಲೇತ್ ನಿಂತಿತ್ತು, ಬಟ್ಟಲು ಖಾಲಿಯಾಗುವವರೆಗೂ ಯಾರೂ ಅದನ್ನು ಮತ್ತೆ ಓಡಿಸಲಿಲ್ಲ. ಜೂನ್‌ನಲ್ಲಿ ಅವಳು ಶಾಲೆಯಲ್ಲಿ ತಾನೇ ಉಂಡಳು.

ಆಮೇಲಿನ ವರ್ಷಗಳಲ್ಲಿ ಪರದೆಯ ನಾನು ತನುವಿನ ಜೊತೆ ಬೆಳೆದೆ. ಅವಳ ಕೈ ದೊಡ್ಡದಾದಂತೆ ಸಾಹೇಬರು ಚುಕ್ಕಿಗಳನ್ನು ದೂರ ಸರಿಸಿದರು. ಡಾಕ್ಟರಮ್ಮ ಕಳಿಸಿದ ಬೇರೆ ಮಕ್ಕಳೂ ಬಂದು ಹಿಟ್ಟು ಹಿಚುಕಿದರು. ಗೋಡೆಯ ಮೊಳೆಯಲ್ಲಿ ನೇತಾಡುವ ಕಾಗದದ ನಾನು ಮಾತ್ರ ನಾಲ್ಕು ವರ್ಷದ ಕೈಯಷ್ಟೇ ಉಳಿದೆ. ಈಗ ಅಂಚು ಹಳದಿಯಾಗಿದೆ, ಪೆನ್ಸಿಲ್ ಗೆರೆ ಮಾಸಿದೆ.

ಮೊನ್ನೆ ಇಂದ್ರಾಣಿ ಒಂಬತ್ತು ವರ್ಷದ ತನುವನ್ನು ಊಟದ ಹೊತ್ತಿಗೆ ಕರೆತಂದಿದ್ದಳು. ಸಾಹೇಬರು ಆಗಷ್ಟೇ ಸಿದ್ಧವಾದ, ಹಸಿರು ಅರಗಿನ ನಾಲ್ಕನೆಯ ಹಿಡಿಕೆಯನ್ನು ಮುಂದೆ ಹಿಡಿದರು.

“ಇಲ್ಲೇ ಇಟ್ಟಿರಿ ಸಾಬ್ ತಾತ,” ಎಂದಳು ತನು.

ಅವಳ ತಟ್ಟೆಯಲ್ಲಿ ರಾಗಿ ಮುದ್ದೆಯಿತ್ತು. ಬಲಗೈಯ ಐದೂ ಬೆರಳು ಇಳಿಸಿ, ಒಂದು ತುತ್ತು ಮುರಿದು, ಉರುಟು ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ ನುಂಗಿದಳು. ಇಂದ್ರಾಣಿ ಸಾರು ಬಡಿಸುವುದನ್ನು ನಿಲ್ಲಿಸಿ ನೋಡುತ್ತಲೇ ಇದ್ದಳು. ಸಾಹೇಬರು ಹಸಿರು ಹಿಡಿಕೆಯನ್ನು ಅಲಮಾರಿಯ ಮೇಲಿಟ್ಟು ಜೋರಾಗಿ ನಕ್ಕರು.

ವಸ್ತುಗಳಿಗೆಲ್ಲ ಒಂದೇ ಹೆದರಿಕೆ, ತಾವು ಯಾರಿಗೂ ಬೇಡವಾಗುತ್ತೇವೆಂದು. ನನಗೂ ಇತ್ತು. ಅವಳು ಎರಡನೆಯ ತುತ್ತು ಮುರಿಯುವುದನ್ನು ಕಂಡ ಮೇಲೆ ಇಲ್ಲ.