ತವರಿನ ಸೀರೆ

"ತವರಿನ ಸೀರೆ ತನ್ನಿ, ಹೊದಿಸಿ ಎತ್ತೋಣ," ಎಂದು ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದವನು ಕೂಗಿದ. ಯಾರೂ ಅಲುಗಲಿಲ್ಲ.

ಚಂದ್ರಾ ಲೇಔಟಿನ ಬಾಡಿಗೆ ಮನೆಯ ಮುಂದೆ ಮುನಿತಾಯಮ್ಮನ ಹೆಣ ಬೆಳಗ್ಗೆಯಿಂದ ಮಲಗಿತ್ತು. ನೀರು ಹಾಕಿ ಆಗಿತ್ತು, ಹೂವೂ ಬಂದಿತ್ತು. ಹೆಣ್ಣು ಸತ್ತರೆ ತವರಿನವರು ಕೊನೆಯ ಸೀರೆ ಹೊದಿಸದೆ ಎತ್ತುವ ರೂಢಿ ಅವರಲ್ಲಿಲ್ಲ. ಆ ಸೀರೆ ಬ್ಯಾಡರಹಳ್ಳಿಯಿಂದ ಬಂದ ಅಣ್ಣ ಮುನಿಯಪ್ಪನ ಕಂಕುಳಲ್ಲಿತ್ತು, ಅಂಗಡಿಯ ಕವರಿನಲ್ಲೇ. ಕೈಯಲ್ಲಿ ಛಾಪಾ ಕಾಗದವಿತ್ತು. ತಂಗಿ ಸತ್ತ ಮೂರೇ ಗಂಟೆಯಲ್ಲಿ ಎರಡನ್ನೂ ಹೊಂದಿಸಿಕೊಂಡು ಬಂದವನ ಚುರುಕುತನವನ್ನು ಮೆಚ್ಚಲೇಬೇಕು.

"ಕುಸುಮಾ, ಇಲ್ಲೊಂದು ಸೈನ್ ಹಾಕಮ್ಮ. ಹೊಲದಲ್ಲಿ ನಿಮ್ಮಮ್ಮನ ಪಾಲು ಬೇಡ ಅಂತ ಅಷ್ಟೆ. ಆಮೇಲೆ ನಾನೇ ಸೀರೆ ಹೊದಿಸ್ತೀನಿ."

ಕುಸುಮಾ ಸತ್ತವಳ ಒಬ್ಬಳೇ ಮಗಳು.

"ಅಮ್ಮ ಹಾಕಲ್ಲ ಅಂದಿದ್ ಸೈನು, ಮಾವ. ನಾನ್ ಹೆಂಗ್ ಹಾಕ್ಲಿ?"

"ಬಿಸ್ಲೇರ್ತಾ ಐತೆ ಕಣೇ! ಹೆತ್ತೋಳ್ನ ಬೀದೀಲಿ ಮಲಗಿಸ್ಕೊಂಡು ಹಟ ಮಾಡ್ತೀಯಲ್ಲ," ಎಂದಳು ಮುನಿಯಪ್ಪನ ಹೆಂಡತಿ. ಗಂಡಸರ ಗುಂಪಿನಿಂದಲೂ "ಹಾಕ್ಬಿಡಮ್ಮ, ಹಾಕ್ಬಿಡು" ಎಂದು ಬುದ್ಧಿಮಾತುಗಳು ಬಂದವು. ಸೀರೆ ಹಿಡಿದುಕೊಂಡು ನಿಂತವನಿಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಥೂ, ನಾಚಿಕೆಗೇಡು.

*

ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದ ಮರುವರ್ಷ, ಗೌರಿ ಹಬ್ಬಕ್ಕೆ ಮುನಿತಾಯಮ್ಮನನ್ನು ತವರಿಗೆ ಕರೆಸಿದ್ದರು. ಗಂಡ ಸತ್ತ ಮೇಲೆ ನಾಯಂಡಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಶರ್ಟಿನ ಕಾಲರ್ ಹೊಲಿದು ಮಗಳನ್ನು ಸಾಕಿದವಳು ಅವಳು. ಕರೆದರಲ್ಲ ಎಂದು ರಜೆ ಹಾಕಿ, ಹಿಗ್ಗಿಕೊಂಡು ಹೋಗಿದ್ದಳು. ಊಟವಾದ ಮೇಲೆ ಅಣ್ಣ ಇಂಥದೇ ಕಾಗದ ಮುಂದಿಟ್ಟ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಸಾಲಿನ ಮೇಲೆ ಬೆರಳಿಟ್ಟು ಪೂರ್ತಿ ಓದಿದಳು.

"ನಿಮ್ ಜೊತೆ ನಾನೂ ಆ ಹೊಲದಲ್ಲಿ ಕಳೆ ಕಿತ್ತಿಲ್ವಾ ಅಣ್ಣ? ನಾನು ಹಾಕಲ್ಲ."

"ಹಾಕ್ದಿದ್ರೆ ನಿನ್ ಹೆಣಕ್ಕೂ ನಮ್ ಸೀರೆ ಬೀಳಲ್ಲ, ನೆನಪಿರ್ಲಿ!"

ಅವಳು ತಾಯಿ ಶಿವಗಂಗಮ್ಮನ ಕಡೆ ನೋಡಿದಳು. ಮಗನ ಅನ್ನ ಉಣ್ಣುವ ಮುದುಕಿ ತಲೆ ತಗ್ಗಿಸಿ, "ಅಣ್ಣ ಹೇಳ್ದಂಗೆ ಕೇಳು ಮಗಾ," ಎಂದಳು. ಮುನಿತಾಯಮ್ಮ ಎದ್ದು ಬಸ್ ಸ್ಟಾಪಿಗೆ ನಡೆದಳು. ಆಮೇಲೆ ಆ ಮನೆಯ ಒಂದು ಮದುವೆಗೂ ಅವಳನ್ನು ಕರೆಯಲಿಲ್ಲ.

*

"ಕೊನೇ ಸಲ ಕೇಳ್ತಾ ಇದೀನಿ," ಎಂದು ಮುನಿಯಪ್ಪ ಪೆನ್ನು ಚಾಚಿದ.

ತಾಯಿಯ ಮುಖದ ಮೇಲೆ ನೊಣ ಕೂತಿತು. ಕುಸುಮಾ ಅದನ್ನು ಓಡಿಸಿದಳು, ಮತ್ತೆ ಕೂತಿತು. ಇನ್ನು ಅವಳಿಂದ ತಡೆಯಲಾಗಲಿಲ್ಲ. ಪೆನ್ನು ತೆಗೆದುಕೊಂಡಳು.

"ಕೆಳಗಿಡೇ ಅದನ್ನ."

ಬಂದಾಗಿನಿಂದ ಮಗಳ ತಲೆಯ ಹತ್ತಿರ ಕೂತಿದ್ದ ಶಿವಗಂಗಮ್ಮ ಗೋಡೆ ಹಿಡಿದು ಎದ್ದಿದ್ದಳು. ಸೆರಗು ಇಳಿಸಿದಳು. ನೆರಿಗೆ ಕಿತ್ತಳು.

"ಅವ್ವಾ! ಏನ್ ಮಾಡ್ತಿದೀಯ? ಗಂಡಸ್ರವ್ರೆ!"

"ನೋಡ್ಲಿ ಬಿಡು. ಅವತ್ತು ತಲೆ ತಗ್ಗಿಸ್ದೆ, ಪಾಪಿ ನಾನು. ತವರು ಅಂದ್ರೆ ಹೆತ್ತೋಳು ಕಣೋ, ನಿನ್ ಹೊಲ ಅಲ್ಲ."

ಉಟ್ಟಿದ್ದ ಹಳೆಯ ಸೀರೆಯನ್ನು ಬಿಚ್ಚಿ ಅವಳು ಮಗಳಿಗೆ ಹೊದಿಸಿದಳು. ಕುಸುಮಾ ಪೆನ್ನು ಬಿಸಾಕಿ ಅಂಚು ಸರಿಮಾಡಿದಳು. ಗಂಡಸರು ಗೋಡೆಯ ಕಡೆ ತಿರುಗಿ ನಿಂತರು.

"ಎತ್ರೋ," ಎಂದಳು ಮುದುಕಿ.

ಮುನಿಯಪ್ಪ ಗಡಿಬಿಡಿಯಲ್ಲಿ ಕವರ್ ಹರಿದು ಹೊಸ ಸೀರೆಯನ್ನು ತಾಯಿಯ ಮೈಗೆ ಸುತ್ತಲು ಹೋದ. ಅವಳು ಭುಜ ಕೊಡವಿದಳು. ಹೆಂಗಸರು ಸ್ಮಶಾನಕ್ಕೆ ಬರಬಾರದು ಎಂದು ಯಾರೋ ಗೊಣಗಿದರು. ಎಂಬತ್ತು ದಾಟಿದ ಶಿವಗಂಗಮ್ಮ ಮೊಮ್ಮಗಳ ಕೈ ಹಿಡಿದುಕೊಂಡು, ಲಂಗ ರವಿಕೆಯಲ್ಲೇ, ನಡುಬೀದಿಯಲ್ಲಿ ಚಟ್ಟದ ಹಿಂದೆ ನಡೆದಳು.