ಎರಡು ಕೋಟು ಕಪ್ಪು ಬಣ್ಣ

ವಾಹನ ತಪಾಸಣೆ ಕೇಂದ್ರದ ಇನ್ಸ್‌ಪೆಕ್ಟರಮ್ಮ ಆ ಬೆಳಿಗ್ಗೆ ತನ್ನ ತಮ್ಮನನ್ನೂ ಕೆಲಸಕ್ಕೆ ಕರೆತಂದಿದ್ದಳು. ಬಲಗಾಲು ಮೊಣಕಾಲಿನಿಂದ ಕೆಳಕ್ಕಿಲ್ಲದ ತಮ್ಮ. ಕಾರು ಎತ್ತುವ ಲಿಫ್ಟಿನ ಎದುರಿಗೇ ಕುರ್ಚಿ ಹಾಕಿಸಿ ಕೂರಿಸಿದಳು.

"ಸುಮ್ನೆ ನೋಡ್ತಿರು. ಇವತ್ತು ಅವನಿಗೆ ನೀರಿಳಿಸ್ತೀನಿ."

ಅವನೆಂದರೆ ಹಳೇ ಕಾರುಗಳ ವ್ಯಾಪಾರಿ. ಎರಡೂವರೆ ವರ್ಷದ ಹಿಂದೆ, ತುಕ್ಕು ತಿಂದ ಬ್ರೇಕ್ ಪೈಪಿನ ಮೇಲೆ ಕಪ್ಪು ಬಣ್ಣ ಬಳಿದು, ಕಾರನ್ನು ಈ ತಮ್ಮನ ತಲೆಗೆ ಕಟ್ಟಿದ್ದ. ನಾಲ್ಕು ತಿಂಗಳಾದ ಮೇಲೆ ಇಳಿಜಾರಿನಲ್ಲಿ ಪೈಪು ಒಡೆಯಿತು, ಕಾಲು ಹೋಯಿತು. ಆ ಕಾರಿಗೆ ಸರ್ಟಿಫಿಕೇಟ್ ಕೊಟ್ಟವಳು ಬೇರೆ ಯಾರೂ ಅಲ್ಲ, ಇದೇ ಅಕ್ಕ! ಆಗಿನ ನಿಯಮ ಹಾಗಿತ್ತು: ಅಡಿಭಾಗವನ್ನು ಕಣ್ಣಲ್ಲಿ ನೋಡಬೇಕು, ಏನನ್ನೂ ಕೆರೆಯುವಂತಿಲ್ಲ. ನೋಡಿದಳು, ಮಿರಮಿರ ಮಿಂಚುತ್ತಿತ್ತು, ಸಹಿ ಹಾಕಿದಳು. ವಿಚಾರಣೆಯಲ್ಲಿ ಆ ಮಹಾನುಭಾವ ಅದೇ ಕಾಗದ ತೋರಿಸಿ ಕೈ ತೊಳೆದುಕೊಂಡ. ಅವತ್ತಿನಿಂದ ಇವಳ ಹೊಟ್ಟೆಯಲ್ಲಿ ಕೆಂಡ. ಅನ್ನ ಇಳಿದರೂ ನಿದ್ದೆ ಬಂದರೂ ಕೆಂಡ ಮಾತ್ರ ಆರಲಿಲ್ಲ.

ಈಗ ನಿಯಮ ಬದಲಾಗಿತ್ತು. ಅಡಿಭಾಗಕ್ಕೆ ಬಣ್ಣ ಬಳಿದ ಕಾರು ಬಂದರೆ, ತಂದವನೇ ಎಲ್ಲರೆದುರು ಬಣ್ಣ ಕೆರೆದು ತೋರಿಸಬೇಕು. ತುಕ್ಕು ಕಂಡರೆ ಗಾಡಿ ಅಲ್ಲೇ ಜಪ್ತಿ. ಹೋದ ವಾರ ವ್ಯಾಪಾರಿಯೇ ಬಂದು ಹಲ್ಲು ಕಿರಿದಿದ್ದ.

"ಏನೋ ಹೊಸ ರೂಲ್ಸು ಬಂದಿದೆಯಂತೆ, ಮೇಡಂ?"

"ಬೋರ್ಡಿಗೆ ಹಾಕಿದೀವಿ, ಓದ್ಕೊಳ್ಳಿ."

"ಅಯ್ಯೋ, ಅದನ್ನೆಲ್ಲ ಯಾರು ಓದ್ತಾರೆ? ಸ್ವಲ್ಪ ಸ್ಟ್ರಿಕ್ಟು, ಅಷ್ಟೇ ತಾನೆ?"

"ಹೂಂ. ಸ್ವಲ್ಪ ಸ್ಟ್ರಿಕ್ಟು."

ಇಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡಳು. ತಪಾಸಣೆ ಬಿಗಿಯಾಯಿತೆಂದರೆ ಬಣ್ಣ ಇನ್ನಷ್ಟು ದಪ್ಪ ಬೇಕೆಂದು ಆ ಬುದ್ಧಿವಂತ ಲೆಕ್ಕ ಹಾಕಿದ. ಇದ್ದ ಹನ್ನೆರಡು ಕಾರುಗಳಿಗೂ ಎರಡೆರಡು ಕೋಟು ಬಳಿಸಿ, ಸಾಲಾಗಿ ತಂದು ನಿಲ್ಲಿಸಿದ. ಗೇಟಿನವರೆಗೂ ಬಣ್ಣದ ವಾಸನೆ!

ಮೊದಲ ಕಾರು ಮೇಲೇರಿತು. ಅವಳು ಸ್ಕ್ರೇಪರ್ ತಂದು ಅವನ ಕೈಗೇ ಕೊಟ್ಟಳು.

"ಕೆರೀರಿ."

"ನಾನಾ?"

"ನೀವೇ. ರೂಲ್ಸು."

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಅವನು ಕಾರಿನ ಕೆಳಗೆ ನುಸುಳಿದ. ಒಂದು ಸಲ ಕೆರೆದ, ಎರಡು ಸಲ ಕೆರೆದ. ಕಪ್ಪು ಸಿಪ್ಪೆಯ ಜೊತೆಗೇ ಕೆಂಪು ತುಕ್ಕು ಉದುರಿ ಅವನ ಮುಖದ ಮೇಲೆ ಬಿತ್ತು. ಸರದಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಅವಳು 'ಜಪ್ತಿ' ಎಂದು ಬರೆದು ಟಪ್ಪೆಂದು ಮೊಹರು ಒತ್ತಿದಳು. ಎರಡನೆಯದೂ ಅಷ್ಟೇ. ಮೂರನೆಯದರ ಹೊತ್ತಿಗೆ ಅವನು ಸ್ಕ್ರೇಪರ್ ನೆಲಕ್ಕಿಟ್ಟು ಕೈ ಮುಗಿದ.

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಬೀದಿಗೆ ಬರ್ತೀನಿ."

"ಬನ್ನಿ. ನನ್ನ ತಮ್ಮ ಬೀದಿಗೆ ಬಂದು ಎರಡು ವರ್ಷ ಆಯ್ತು."

ಆಹಾ, ಎಂಥ ಸುಖ! ಹಿಗ್ಗು ತಡೆಯಲಾರದೆ ಅವಳು ಕುರ್ಚಿಯತ್ತ ತಿರುಗಿದಳು. ತಮ್ಮ ನಗುತ್ತಿರಲಿಲ್ಲ. ವ್ಯಾಪಾರಿಯನ್ನು ನೋಡುತ್ತಲೂ ಇರಲಿಲ್ಲ. ನೆಲಕ್ಕೆ ಉದುರಿದ್ದ ತುಕ್ಕನ್ನೇ ನೋಡುತ್ತಿದ್ದ.

"ಅಕ್ಕ, ಎರಡೇ ಸಲ ಕೆರೆದ್ರೆ ಸಾಕಾ?"

"ಸಾಕು ಕಣೋ. ಆಗ ನಮಗೆ ಕೆರೆಯೋ ಹಾಗಿರ್ಲಿಲ್ಲ. ರೂಲ್ಸು."

"ಇಲ್ಲಿ ರೂಲ್ಸು, ಸರಿ." ಅವನ ದನಿ ಏರಲಿಲ್ಲ. "ಆಮೇಲೆ ನಾಲ್ಕು ತಿಂಗಳು ಕಾರು ನಮ್ಮನೆ ಬಾಗಿಲಲ್ಲೇ ನಿಂತಿತ್ತಲ್ಲ, ಅಕ್ಕ? ಅಲ್ಲಿ ಕೆರೀಬೇಡ ಅಂತ ಯಾವ ರೂಲ್ಸಿತ್ತು?"

ಅವಳು ಕೈಯಲ್ಲಿದ್ದ ಮೊಹರನ್ನು ಕೆಳಗಿಟ್ಟಳು.

"ಮೇಡಂ, ಮುಂದಿನ ಕಾರು ತರ್ಲಾ?" ಎಂದು ವ್ಯಾಪಾರಿ ಎರಡು ಸಲ ಕೇಳಿದ. ಅವಳು ಬಗ್ಗಿ, ನೆಲದ ಮೇಲಿದ್ದ ಸ್ಕ್ರೇಪರ್ ಎತ್ತಿಕೊಂಡಳು.