ಅದೇ ಹಾಲ್, ಅದೇ ಪ್ರಶ್ನೆ

ಮದುವೆಯ ನಿರೂಪಕ ಎಂದರೆ ಬಾಯಿಬಡುಕ ಎಂದು ತಿಳಿದವರೇ ಹೆಚ್ಚು. ಮೈಕ್ ಹಿಡಿದು ನಾಲ್ಕು ಮಾತು ಒಗೆದರೆ ಮುಗಿಯಿತು ಅನ್ನುತ್ತಾರೆ. ಹಾಗೆ ಅನ್ನುವವರನ್ನು ಒಮ್ಮೆ ಸ್ಟೇಜ್ ಹತ್ತಿಸಿ ನೋಡಬೇಕು, ಸ್ವಂತ ಹೆಸರು ಹೇಳುವಷ್ಟರಲ್ಲಿ ನಾಲಿಗೆ ಒಣಗಿರುತ್ತದೆ. ನಾನು ಸಾಸ್ತಾನದ ಅನೂಪ್. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮೆಹಂದಿ, ಮದುವೆ, ಸೀಮಂತ ಎಲ್ಲ ನಡೆಸಿಕೊಟ್ಟವನು. ಸಾವಿನ ಕಾರ್ಯಕ್ಕೆ ನನ್ನನ್ನು ಮೊದಲು ಕರೆದವರು ಕೊಕ್ಕರ್ಣೆಯ ಚಂದಯ್ಯ.

2014ರ ಸೆಪ್ಟೆಂಬರ್. ಅವರೇ ಮನೆಗೆ ಬಂದರು. ಕೊಕ್ಕರ್ಣೆ ಪೇಟೆಯಲ್ಲಿ ಅವರದ್ದು ಹಿಂಡಿ ಅಂಗಡಿ, ದನ ಸಾಕುವವರಿಗೆಲ್ಲ ಗೊತ್ತು. ಹಿಂದಿನ ಡಿಸೆಂಬರಿನಲ್ಲಿ ಅವರ ಒಬ್ಬಳೇ ಮಗಳು ನವ್ಯಶ್ರೀಯ ಮದುವೆಗೆ ನಾನೇ ನಿರೂಪಕ. ಆಗ ಶಲ್ಯ ಹೊದ್ದು ಬೀಗುತ್ತ ಓಡಾಡಿದ್ದ ಮನುಷ್ಯ ಈಗ ಗಡ್ಡ ಬಿಟ್ಟುಕೊಂಡು ನನ್ನ ಜಗಲಿಯ ತುದಿಯಲ್ಲಿ ಕುಳಿತಿದ್ದರು. ಸುದ್ದಿ ನನಗೂ ಮುಟ್ಟಿತ್ತು. ಯಡ್ತರೆಯ ಗಂಡನ ಮನೆಯಲ್ಲಿ ಹುಡುಗಿ ಬಾವಿಗೆ ಬಿದ್ದಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದು ಆ ಮನೆಯವರು ಹೇಳಿದರು. ಪಂಪ್ ಇರುವ ಮನೆಯಲ್ಲಿ ನೀರು ಯಾಕೆ ಸೇದಬೇಕಿತ್ತು ಎಂದು ಯಾರೂ ಕೇಳಲಿಲ್ಲ.

"ಕ್ರಿಯೆ ಎಲ್ಲ ಅಲ್ಲೇ ಮುಗೀತ್ ಅನೂಪ. ನಮ್ಮ್ ಲೆಕ್ಕದಲ್ಲಿ ಒಂದ್ ನುಡಿನಮನ ಇಟ್ಟಿತ್. ಮದಿ ಆದ ಅದೇ ಹಾಲ್‌ನಲ್ಲಿ. ನೀನೇ ನಡ್ಸಿ ಕೊಡ್ಕ್."

"ಚಂದಯ್ಯಣ್ಣ, ನಾನ್ ಬರೀ ನೆಗ್ಯಾಡ್ಸುವನ್. ಇದಕ್ಕೆ ಬ್ಯಾರೆಯವ್ರನ್ನ ಕರೀನಿ."

"ಬ್ಯಾರೆಯವ್ರಿಗೆ ಆ ಪ್ರಶ್ನೆ ಗೊತ್ತಿಲ್ಲೆ."

ಯಾವ ಪ್ರಶ್ನೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅದು ನನ್ನ ಹೆಸರುವಾಸಿ ಐಟಂ. ಧಾರೆ ಮುಗಿದು ಊಟಕ್ಕೆ ಇನ್ನೂ ಹೊತ್ತಿರುವಾಗ ಮದುಮಗಳ ತಂದೆಯನ್ನು ಸ್ಟೇಜಿಗೆ ಕರೆಯುತ್ತಿದ್ದೆ. ಮಗಳ ಪಕ್ಕ ನಿಲ್ಲಿಸಿ, ದನಿ ತಗ್ಗಿಸಿ ಕೇಳುತ್ತಿದ್ದೆ: ನಾಳೆ ಮಗಳು ಫೋನ್ ಮಾಡಿ, ಅಪ್ಪಯ್ಯ, ನಂಗೆ ಇಲ್ಲಿ ಕಷ್ಟ ಆಗ್ತಿದೆ ಅಂದರೆ ಏನು ಮಾಡ್ತೀರಿ? ಅಪ್ಪಂದಿರು ಗದ್ಗದರಾಗುತ್ತಾರೆ, ಹೆಂಗಸರು ಸೆರಗು ಕಣ್ಣಿಗೊತ್ತುತ್ತಾರೆ, ವಿಡಿಯೋದವನಿಗೆ ಹಬ್ಬ. ಬುಕಿಂಗ್‌ಗೆ ಬಂದವರೇ "ಆ ಅಪ್ಪ-ಮಗಳ ಐಟಂ ಇರ್ಲಿ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಚಂದಯ್ಯ ಕೊಟ್ಟಂಥ ಉತ್ತರವನ್ನು ಬೇರೆ ಯಾವ ಅಪ್ಪನೂ ಕೊಟ್ಟಿರಲಿಲ್ಲ. "ಉಣ್ತಾ ಕೂತಿದ್ರೂ ಕೈ ತೊಳ್ದ್ ಹೊರ್ಟ್ ಬತ್ತೆ. ನನ್ನ್ ಮಗ್ಳ್ ನಂಗ್ ಭಾರ ಅಲ್ಲ" ಎಂದಿದ್ದರು. ಹಾಲ್ ಕಿತ್ತುಹೋಗುವಂಥ ಚಪ್ಪಾಳೆ. ನವ್ಯಶ್ರೀ ಅಳುತ್ತ ನಗುತ್ತ ಅಪ್ಪನ ಹೆಗಲಿಗೆ ಹಣೆ ಕೊಟ್ಟು ನಿಂತಿದ್ದಳು.

"ಅವ್ಳ್ ಫೋನ್ ಮಾಡಿದ್ಲ್" ಎಂದರು ಚಂದಯ್ಯ, ಅಂಗಳ ನೋಡುತ್ತ. "ಸಾಯುಕೆ ಎರಡ್ ದಿನ ಮುಂಚೆ. ನಾನ್ ಹೋಯ್ಲಿಲ್ಲೆ. ಅವ್ಳ್ ಅಮ್ಮ ಜಲಜಂಗೂ ಹೇಳ್ಲಿಲ್ಲೆ. ಈಗ ನನ್ನಷ್ಟಕ್ಕೆ ಹೇಳುಕೆ ಬಾಯಿ ಬತ್ತಿಲ್ಲೆ. ನೀ ಕೇಂಡ್ರೆ ಹೇಳ್ತೆ. ಅವತ್ತ್ ಅಷ್ಟ್ ಜನರ ಎದ್ರ್ ಹೇಳಿದ್ ಸುಳ್ಳ್. ಅದೇ ಜನರ ಎದ್ರ್ ಸತ್ಯ ಹೇಳ್ಕ್."

ಆಗಲಿ, ಬರುತ್ತೇನೆ ಎಂದೆ.

ಆ ದಿನ ಹಾಲ್‌ನಲ್ಲಿ ಮದುವೆಯಷ್ಟೇ ಜನ. ಸ್ಟೇಜಿನ ಮೇಲೆ ಕುರ್ಚಿಯಲ್ಲಿ ಹುಡುಗಿಯ ಫೋಟೋ. ಮದುವೆ ಆಲ್ಬಮ್ಮಿನದ್ದನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಗಂಡನನ್ನು ತೆಗೆದಿದ್ದರೂ ಅವಳ ಭುಜದ ಮೇಲೆ ಅವನ ಬೆರಳುಗಳು ಉಳಿದುಕೊಂಡಿದ್ದವು. ಆ ಬೆರಳಿನವನು ಬಿಳಿ ಅಂಗಿ ಹಾಕಿಕೊಂಡು, ತನ್ನ ತಾಯಿಯ ಪಕ್ಕ ಮೊದಲ ಸಾಲಿನಲ್ಲೇ ಕುಳಿತಿದ್ದ. ನನಗೆ ಮೈ ಉರಿಯಿತು.

ಚಂದಯ್ಯನವರ ತಮ್ಮ ದುಗ್ಗಪ್ಪ ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದ. ಯಡ್ತರೆಯವರ ಜೊತೆ ಕೂತು, ಕೇಸು ಗೀಸು ಬೇಡ ಎಂದು ಎಲ್ಲ ಸರಿಮಾಡಿದವನು ಅವನೇ.

"ಪ್ರಾರ್ಥನೆ, ನಾಲ್ಕ್ ಒಳ್ಳೆ ಮಾತ್, ಮೌನ, ಊಟ. ಅಷ್ಟೇ. ಅಣ್ಣಂಗೆ ತಲೆ ಸಮ ಇಲ್ಲೆ, ಅವ್ನ ಕೈಯಗ್ ಮೈಕ್ ಕೊಡ್ಬ್ಯಾಡ. ನಮ್ಮ್ ಕುಟುಂಬದಲ್ಲಿ ಇನ್ನೂ ಮದಿ ಇತ್, ನಿಂಗೆ ಬುಕಿಂಗ್ ಬೇಕಲ್ದಾ, ನೆನಪಿರ್ಲಿ ಮಾರಾಯ."

ಬೆದರಿಕೆಯನ್ನೂ ಹೆಗಲ ಮೇಲೆ ಕೈ ಹಾಕಿಯೇ ಹೇಳುವ ಜಾತಿಯ ಮನುಷ್ಯ. ನಾನು ತಲೆಯಾಡಿಸಿದೆ.

ಪ್ರಾರ್ಥನೆ ಆಯಿತು. ಊರಿನ ದೊಡ್ಡವರೊಬ್ಬರು ಬಂದು ಎಲ್ಲ ವಿಧಿ ಎಂದರು. ಇನ್ನೊಬ್ಬರು ಒಳ್ಳೆಯವರನ್ನು ದೇವರು ಬೇಗ ಕರೆಯುತ್ತಾನೆ ಎಂದರು. ಬಾವಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಚಂದಯ್ಯ ಸ್ಟೇಜಿನ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ದುಗ್ಗಪ್ಪ ಕೆಳಗಿನಿಂದ ಗಡಿಯಾರ ತೋರಿಸುತ್ತಿದ್ದ. ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಅಂಥ ಹೆದರಿಕೆ ಆದದ್ದಿಲ್ಲ.

"ಚಂದಯ್ಯಣ್ಣ, ಮುಂದೆ ಬನ್ನಿ" ಎಂದೆ. ಅವರು ಬಂದು ಫೋಟೋದ ಪಕ್ಕ, ಮದುವೆಯ ದಿನ ನಿಂತ ಹಾಗೆಯೇ ನಿಂತರು. "ಹೋದ ಡಿಸೆಂಬರಿನಲ್ಲಿ ಇದೇ ಜಾಗದಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ. ಇಲ್ಲಿರುವ ಎಲ್ಲರೂ ಉತ್ತರ ಕೇಳಿ ಚಪ್ಪಾಳೆ ತಟ್ಟಿದ್ದಾರೆ. ಮಗಳು ಫೋನ್ ಮಾಡಿ, ಅಪ್ಪಯ್ಯ, ನಂಗೆ ಇಲ್ಲಿ ಕಷ್ಟ ಆಗ್ತಿದೆ ಅಂದಾಗ ನೀವು ಏನು ಮಾಡಿದಿರಿ?"

"ಹ್ವಾಯ್, ಎಂತ ಮಾಡ್ತಿದ್ದೆ ನೀನ್?" ಎಂದು ದುಗ್ಗಪ್ಪ ಕೂಗಿದ. ನಾನು ಮೈಕ್ ಚಂದಯ್ಯನವರ ಕೈಗೆ ಕೊಟ್ಟಾಗಿತ್ತು.

"ಅವ್ಳ್ ಫೋನ್ ಮಾಡಿದ್ಲ್" ಎಂದರು. "ನಾನ್ ಹೋಯ್ಲಿಲ್ಲೆ."

ಮೊದಲ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಿಳಿ ಅಂಗಿಯವನು ಎದ್ದು ನಿಂತಿದ್ದ, ಅವನ ತಾಯಿ ಅವನ ಕೈ ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದಳು. ಆದರೆ ಅವರನ್ನು ಯಾರೂ ನೋಡಲಿಲ್ಲ. ಹೆಂಗಸರ ಮಧ್ಯದಿಂದ ಜಲಜಕ್ಕ ಎದ್ದು ಬರುತ್ತಿದ್ದರು. ಮಗಳು ಸತ್ತ ದಿನದಿಂದ ಆ ಹೆಂಗಸು ಒಂದು ಮಾತೂ ಆಡಿರಲಿಲ್ಲವಂತೆ. ಮೆಟ್ಟಿಲು ಹತ್ತಿ ಗಂಡನ ಎದುರು ನಿಂತರು. ಅವರು ಕೇಳಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಚಂದಯ್ಯನವರ ಬಾಯಿಯ ಹತ್ತಿರ ಮೈಕ್ ಇತ್ತು. ಅವರು ಹೇಳಿದ್ದು ಹಾಲ್‌ಗೆಲ್ಲ ಕೇಳಿಸಿತು.

"ಎಂತ ಅಂದ್ಲ್ ಅವ್ಳ್?"

"ಅಪ್ಪಯ್ಯ, ಇವತ್ತೇ ಬನ್ನಿ, ನಂಗ್ ಇಲ್ಲ್ ಇಪ್ಪುಕೆ ಆತ್ತಿಲ್ಲೆ ಅಂದ್ಲ್."

"ನೀವ್ ಎಂತ ಅಂದ್ರಿ?"

"ಹಿಂಡಿ ಲಾರಿ ಬಂದಿತ್, ಲೋಡ್ ಇಳ್ಸ್ಕ್ ಅಂದೆ." ಚಂದಯ್ಯ ಉಸಿರು ತೆಗೆದುಕೊಂಡರು. "ಮದಿ ಆಯಿ ವರ್ಷ ಆಯ್ಲಿಲ್ಲೆ, ಈಗ್ಳೇ ಬಂದ್ ಕೂತ್ರೆ ಜನ ಎಂತ ಹೇಳ್ತ್ರ್ ಅಂದೆ. ಚೌತಿಗೆ ಕರ್ಕಂಡ್ ಬತ್ತೆ, ಅಲ್ಲಿವರಿಗೆ ಹೊಂದ್ಕಂಡ್ ಇರ್ ಮಗಾ ಅಂದೆ."

ಆ ಜನ ಎದುರಿಗೇ ಕುಳಿತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಜಲಜಕ್ಕ ಫೋಟೋದ ಕಡೆ ನೋಡಿದರು, ಮತ್ತೆ ಗಂಡನ ಕಡೆ ತಿರುಗಿದರು. "ಅದಕ್ಕೆ ಅವ್ಳ್ ಎಂತ ಅಂದ್ಲ್?"

ನಾನು ಕೆಳಗೆ ಜಾರುತ್ತಿದ್ದ ಚಂದಯ್ಯನವರ ಕೈಯನ್ನು ಹಿಡಿದು, ಮೈಕ್ ಅವರ ಬಾಯಿಯ ಹತ್ತಿರ ಇಟ್ಟೆ.

"ಆಯ್ತ್ ಅಪ್ಪಯ್ಯ ಅಂದ್ಲ್."